ಹಳೆಯ ಹೈ-ಫೈ ಹೆಡ್‌ಫೋನ್‌ಗಳು: ಯಾವ ಸಂಗೀತಕ್ಕೆ ಯಾವುದು?

ಪ್ರಶ್ನೆ: ನನ್ನ ಹತ್ತಿರ ಒಂದೊಂದಾಗಿ ಸೇರಿಕೊಂಡ ನಾಲ್ಕು ಹಳೆಯ ಹೆಡ್‌ಫೋನ್‌ಗಳಿವೆ: ಸೆನ್‌ಹೈಸರ್ ಎಚ್‌ಡಿ 414, 600 ಓಮ್‌ನ ಎಕೆಜಿ ಕೆ240 ಮಾನಿಟರ್, 600 ಓಮ್‌ನದೇ ಬೇಯರ್‌ಡೈನಾಮಿಕ್ ಡಿಟಿ 990, ಸೋನಿ ಎಂಡಿಆರ್-ವಿ6. ಹಿಂದುಸ್ತಾನಿ ಗಾಯನ, ಪಾಶ್ಚಾತ್ಯ ಆರ್ಕೆಸ್ಟ್ರಾ, ಹಳೆಯ ಜ್ಯಾಝ್, ಎಪ್ಪತ್ತರ ದಶಕದ ರಾಕ್, ಆಗೀಗ ಎಲೆಕ್ಟ್ರಾನಿಕ್ ಕೇಳುತ್ತೇನೆ. ಫೋನಿಗೆ ಸಿಕ್ಕಿಸಿದರೆ ಸೋನಿ ಬಿಟ್ಟು ಉಳಿದ ಮೂರೂ ಸಪ್ಪೆ. ಯಾವ ಸಂಗೀತಕ್ಕೆ ಯಾವುದನ್ನು ಬಳಸಲಿ? ಐದನೆಯದೊಂದು ಕೊಳ್ಳುವುದು ಒಳ್ಳೆಯದೇ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಗಾಯನಕ್ಕೂ ಹಳೆಯ ಧ್ವನಿಮುದ್ರಣಗಳಿಗೂ ಕೆ240. ಚೆನ್ನಾಗಿ ಮುದ್ರಿಸಿದ ಆರ್ಕೆಸ್ಟ್ರಾಗೆ ಮತ್ತು ಮೆಲ್ಲಗೆ ಕೇಳುವ ಹೊತ್ತಿಗೆ ಡಿಟಿ 990. ನಾಲ್ಕೈದು ವಾದ್ಯಗಳ ಜ್ಯಾಝ್‌ಗೆ 414. ಎಲೆಕ್ಟ್ರಾನಿಕ್‌ಗೂ ರಾಕ್‌ನ ಒಂದು ಪಾಲಿಗೂ ವಿ6. ಆದರೆ ಈ ಹಂಚಿಕೆ ಸರಿಯೋ ತಪ್ಪೋ ಎಂದು ಇವತ್ತೇ ಪರೀಕ್ಷಿಸಲು ಕೂರಬೇಡಿ. ಈಗ ನಿಮಗೆ ಕೇಳಿಸುತ್ತಿರುವುದರಲ್ಲಿ ಸವೆದ ಪ್ಯಾಡ್‌ಗಳ ಪಾಲು, ಸಾಲದ ವೋಲ್ಟೇಜಿನ ಪಾಲು ಎಷ್ಟಿದೆಯೆಂದರೆ, ಹೆಡ್‌ಫೋನಿನ ಸ್ವಂತ ದನಿ ಅದರಡಿ ಮುಚ್ಚಿಹೋಗಿದೆ. ಎರಡನ್ನೂ ಸರಿಪಡಿಸಿದ ಮೇಲೆ ಆಯ್ಕೆಯ ಮಾತು. ಆಗಲೂ ಸಂಗೀತದ ಪ್ರಕಾರ ಯಾವುದು ಎನ್ನುವುದಕ್ಕಿಂತ, ಅದನ್ನು ಯಾವ ಕಾಲದಲ್ಲಿ, ಹೇಗೆ ಮುದ್ರಿಸಿದರು ಎನ್ನುವುದನ್ನು ನೋಡಿ ಆರಿಸಿದರೆ ಹೆಚ್ಚು ಸುಖ.

ಪ್ಯಾಡ್‌ನಿಂದ ಶುರು ಮಾಡೋಣ. ಡ್ರೈವರಿಗೂ (ದನಿ ಹೊರಡಿಸುವ ಪುಟ್ಟ ಸ್ಪೀಕರ್) ನಿಮ್ಮ ಕಿವಿಗೂ ನಡುವಿನ ಗಾಳಿಯ ಜಾಗ ಎಷ್ಟು, ಅದು ಎಷ್ಟು ಬಿಗಿಯಾಗಿ ಮುಚ್ಚಿದೆ ಎರಡನ್ನೂ ನಿರ್ಧರಿಸುವುದು ಪ್ಯಾಡ್. ಅದು ಚಪ್ಪಟೆಯಾದರೆ ಡ್ರೈವರ್ ಕಿವಿಗೆ ಹತ್ತಿರವಾಗಿ ಟ್ರೆಬಲ್‌ನ, ಅಂದರೆ ಮೇಲಿನ ಸ್ವರಗಳ, ಸ್ವರೂಪ ಬದಲಾಗುತ್ತದೆ. ಮೇಲ್ಪದರ ಬಿರುಕುಬಿಟ್ಟರೆ ಗಾಳಿ ಸೋರಿ ಬೇಸ್ ಹೊರಟುಹೋಗುತ್ತದೆ. ಕೆ240 ಅರೆತೆರೆದ ವಿನ್ಯಾಸ (ಕಪ್‌ನ ಹಿಂಭಾಗ ಭಾಗಶಃ ತೆರೆದದ್ದು), ವಿ6 ಪೂರ್ತಿ ಮುಚ್ಚಿದ ವಿನ್ಯಾಸ; ಇವೆರಡೂ ಸೋರಿಕೆಯನ್ನು ಸ್ವಲ್ಪವೂ ತಾಳುವುದಿಲ್ಲ. ಪರೀಕ್ಷೆ ಸುಲಭ. ಬೇಸ್ ಇರುವ ಹಾಡೊಂದನ್ನು ಹಾಕಿ, ಕಪ್‌ಗಳ ಅಂಚನ್ನು ಬೆರಳುಗಳಿಂದ ತಲೆಯತ್ತ ಮೆಲ್ಲಗೆ ಒತ್ತಿ. ಹೊರಗಿನ ಜಾಲರಿಯನ್ನು ಅಂಗೈಯಿಂದ ಮುಚ್ಚಬಾರದು, ತೆರೆದ ಹೆಡ್‌ಫೋನಿನಲ್ಲಿ ಅದರಿಂದಲೇ ದನಿ ಬದಲಾಗಿಬಿಡುತ್ತದೆ. ಒತ್ತಿದ ಕೂಡಲೇ ಬೇಸ್ ತುಂಬಿಕೊಂಡು, ಬಿಟ್ಟ ಕೂಡಲೇ ಇಳಿದರೆ ಪ್ಯಾಡ್ ಬದಲಿಸುವ ಕಾಲ ಬಂದಿದೆ. ಕನ್ನಡಕದ ಕಡ್ಡಿ ಹಾದುಹೋಗುವ ಕಡೆಯೂ ಸೋರುವುದುಂಟು, ಕನ್ನಡಕ ತೆಗೆದು ಇನ್ನೊಮ್ಮೆ ನೋಡಿ.

ವಿ6ನ ಕಪ್ಪು ಪ್ಯಾಡ್‌ಗಳು ಹಳೆಯದಾದರೆ ಹಪ್ಪಳೆಯೆದ್ದು ಕೆನ್ನೆಗೆ ಅಂಟಿಕೊಳ್ಳುತ್ತವೆ. ಹೊಸವು ಸುಲಭವಾಗಿ ಸಿಗುತ್ತವೆ. 414ಕ್ಕೆ ಇರುವುದು ಬರೀ ಸ್ಪಂಜಿನ ಕವಚ, ಹಳದಿ ಬಣ್ಣದ್ದಂತೂ ಅದರ ಗುರುತೇ ಆಗಿಹೋಗಿದೆ. ಅದು ಬೆರಳಿಗೆ ಪುಡಿಪುಡಿಯಾಗಿ ಬರುತ್ತಿದ್ದರೆ ಇನ್ನು ಹಾಕಿಕೊಳ್ಳಲೇಬೇಡಿ, ಪುಡಿ ನೇರ ಡ್ರೈವರಿನೊಳಗೆ ಹೋಗುತ್ತದೆ. ಕೆ240ಗೆ ಪ್ಯಾಡ್ ಕೊಳ್ಳುವಾಗ ಮೂಲದ್ದನ್ನೇ ಹೋಲುವ, ರೆಕ್ಸಿನ್ ತರಹದ ನಯ ಮೇಲ್ಪದರದ್ದನ್ನು ಕೊಳ್ಳಿ. ವೆಲ್ವೆಟ್ ಬಟ್ಟೆಯದು ಕಿವಿಗೆ ಹಿತ, ನಿಜ. ಆದರೆ ಬಟ್ಟೆಯ ಮೂಲಕ ಗಾಳಿ ಆಡುವುದರಿಂದ ಮೊದಲೇ ಕಡಿಮೆಯಿರುವ ಕೆಳಗಿನ ಬೇಸ್ ಇನ್ನಷ್ಟು ತೆಳುವಾಗುತ್ತದೆ. ಡಿಟಿ 990ಗೆ ಮಾತ್ರ ವೆಲ್ವೆಟ್ಟೇ ಸರಿ, ಅದನ್ನು ಹಾಗೆಂದೇ ಶ್ರುತಿ ಮಾಡಿದ್ದಾರೆ.

ಆ 990ಯ ಪ್ಯಾಡ್ ತೆಗೆದಾಗ ಇನ್ನೊಂದು ಕೆಲಸವಿದೆ. ಒಳಗೆ ಡ್ರೈವರಿನ ಮೇಲೆ ತೆಳುವಾದ ಸ್ಪಂಜಿನ ಬಿಲ್ಲೆಯೊಂದು ಇರುತ್ತದೆ. ಹಳೆಯ ಜೋಡಿಗಳಲ್ಲಿ ಅದು ಜಿಗುಟಾಗಿ, ಕೊನೆಗೆ ಪುಡಿಯಾಗಿ ಉದುರುತ್ತದೆ. ಡ್ರೈವರಿನ ಮುಖ ಕೆಳಗೆ ಮಾಡಿ ಹಿಡಿದು, ಮೆದು ಬ್ರಷ್‌ನಿಂದ ಅಂಚಿನಿಂದ ಹೊರಕ್ಕೆ ಸರಿಸಿ ತೆಗೆಯಿರಿ. ಬಾಯಿಂದ ಊದಬೇಡಿ, ವ್ಯಾಕ್ಯೂಮ್ ಕ್ಲೀನರ್ ಹತ್ತಿರಕ್ಕೂ ತರಬೇಡಿ. ಒಳಗಿನ ಪೊರೆ ಬಲು ತೆಳು, ಸೆಳೆತಕ್ಕೆ ಸುಕ್ಕುಗಟ್ಟುತ್ತದೆ. ಆಮೇಲೆ 20ರಿಂದ 200 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಶುದ್ಧ ನಾದವೊಂದನ್ನು ಸಣ್ಣ ದನಿಯಲ್ಲಿ ಹಾಕಿ ಕೇಳಿ. ಒಂದೇ ಕಿವಿಯಲ್ಲಿ, ಯಾವುದೋ ಒಂದು ಜಾಗಕ್ಕೆ ಬಂದಾಗ ಮಾತ್ರ 'ಝರ್ರ್' ಎಂದು ಗರಗರಿಸಿದರೆ ಬಹುಪಾಲು ಅದು ಪೊರೆಗೆ ತಾಗಿದ ಒಂದು ಕೂದಲು. ರಂಧ್ರದಿಂದ ಇಣುಕುವ ತುದಿಯನ್ನು ಚಿಮಟದಿಂದ ಹಿಡಿದು ನೇರಕ್ಕೆ ಎಳೆದರೆ ಮುಗಿಯಿತು. ಡ್ರೈವರ್ ಹೋಯಿತು ಎಂದು ಎಷ್ಟೋ ಜನ ಮೂಲೆಗೆಸೆದ ಹೆಡ್‌ಫೋನ್‌ಗಳ ಕಾಯಿಲೆ ಇಷ್ಟೇ ಆಗಿರುತ್ತದೆ.

ಇನ್ನು ವೋಲ್ಟೇಜು. ನಿಮ್ಮ ಫೋನಿನಲ್ಲಿ ಸೋನಿ ಒಂದೇ ಗಟ್ಟಿಯಾಗಿ ನುಡಿಯುವುದಕ್ಕೆ ಕಾರಣ ಇಲ್ಲಿದೆ. ಓಮ್ ಎನ್ನುವುದು ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯ, ಅಂದರೆ ಇಂಪಿಡೆನ್ಸಿನ, ಅಳತೆ. ಒಂದು ಮಿಲಿವ್ಯಾಟ್ ಶಕ್ತಿ ಕೊಡಲು 63 ಓಮ್‌ನ ವಿ6ಗೆ ಕಾಲು ವೋಲ್ಟ್ ಸಾಕು. 600 ಓಮ್‌ಗೆ ಅದೇ ಶಕ್ತಿ ತಲುಪಿಸಲು 0.775 ವೋಲ್ಟ್ ಬೇಕು. ಮೂಲ 414ರ ಇಂಪಿಡೆನ್ಸ್ 2000 ಓಮ್, ಅದಕ್ಕೆ 1.4 ವೋಲ್ಟ್. (414ರ ಹೆಸರಿನಲ್ಲೇ ಕಡಿಮೆ ಓಮ್‌ನ ಜೋಡಿಗಳೂ ಮುಂದೆ ಬಂದವು, ನಿಮ್ಮದರ ಮೇಲೆ ಏನು ಬರೆದಿದೆ ನೋಡಿಕೊಳ್ಳಿ.) ಇಷ್ಟೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಆದರೆ ವಿ6 ಒಂದು ಮಿಲಿವ್ಯಾಟ್‌ಗೆ 106 ಡೆಸಿಬೆಲ್ ನುಡಿದರೆ ಕೆ240 ಮಾನಿಟರ್ ನುಡಿಯುವುದು ಸುಮಾರು 88. ಎರಡೂ ಸೇರಿದರೆ, ಒಂದೇ ವೋಲ್ಟ್ ಕೊಡುವ ಫೋನಿನಲ್ಲಿ ಸೋನಿಯಿಂದ 118 ಡೆಸಿಬೆಲ್, ಅಂದರೆ ಕಿವಿ ಹಾಳಾಗುವಷ್ಟು, ಸಿಗುತ್ತದೆ. ಎಕೆಜಿಯಿಂದ ಸಿಗುವುದು 90. ಈ 90 ಎನ್ನುವುದು ಶಿಖರದ ಮಟ್ಟ, ದನಿ ಕ್ಷಣಮಾತ್ರ ಮುಟ್ಟುವ ಗರಿಷ್ಠ, ಎಂಬುದನ್ನು ಮರೆಯಬೇಡಿ. ಆರ್ಕೆಸ್ಟ್ರಾದಲ್ಲಿ ಸರಾಸರಿ ದನಿಗೂ ಶಿಖರಕ್ಕೂ 20 ಡೆಸಿಬೆಲ್ ಮೇಲ್ಪಟ್ಟು ಅಂತರವಿರುವುದು ಮಾಮೂಲು. ಹಾಗಾಗಿ ಸರಾಸರಿ ದನಿ 70ರ ಹತ್ತಿರ ಉಳಿಯುತ್ತದೆ, ನೀವು ವಾಲ್ಯೂಮ್ ಪೂರ್ತಿ ಏರಿಸಿರುತ್ತೀರಿ, ಸಂಗೀತ ಸಪ್ಪೆ ಅನ್ನಿಸುತ್ತದೆ. ಕೆ240ಯಲ್ಲಿ 105 ಡೆಸಿಬೆಲ್‌ನ ಶಿಖರ ಮುಟ್ಟಲು ಐದೂವರೆ ವೋಲ್ಟ್ ಬೇಕಾಗುತ್ತದೆ. ಅದನ್ನು ಕೊಡುವುದು ಪ್ರತ್ಯೇಕ ಹೆಡ್‌ಫೋನ್ ಆಂಪ್ಲಿಫೈಯರಿನ ಕೆಲಸ; ಇಲ್ಲವೇ ನಿಮ್ಮ ಈ ಮೂರರ ಕಾಲದ್ದೇ ಆದ ಸ್ಟೀರಿಯೊ ರಿಸೀವರಿನ (ರೇಡಿಯೊ, ಆಂಪ್ಲಿಫೈಯರ್ ಒಂದರಲ್ಲೇ ಇರುವ ಪೆಟ್ಟಿಗೆ) ದಪ್ಪ ಜ್ಯಾಕ್‌ನದು.

ಹಳೆಯ ರಿಸೀವರಿನ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು. 70-80ರ ದಶಕದ ಬಹಳಷ್ಟು ರಿಸೀವರುಗಳಲ್ಲಿ ಹೆಡ್‌ಫೋನಿಗೆಂದು ಬೇರೆ ಆಂಪ್ ಇರುತ್ತಿರಲಿಲ್ಲ. ಸ್ಪೀಕರಿಗೆ ಹೋಗುವ ದನಿಯನ್ನೇ ಕೆಲವು ನೂರು ಓಮ್‌ನ ರೆಸಿಸ್ಟರ್ ಮೂಲಕ ಹೆಡ್‌ಫೋನ್ ಜ್ಯಾಕ್‌ಗೆ ಕಳಿಸುತ್ತಿದ್ದರು. 600 ಓಮ್ ಮತ್ತು 2000 ಓಮ್‌ನ ಹೆಡ್‌ಫೋನ್‌ಗಳಿಗೆ ಇದರಿಂದ ಅಂಥ ತೊಂದರೆಯೇನಿಲ್ಲ. ದನಿ ಮೂರ್ನಾಲ್ಕು ಡೆಸಿಬೆಲ್ ಇಳಿಯುತ್ತದೆ, ಬೇಸ್ ಒಂಚೂರು ದುಂಡಗಾಗುತ್ತದೆ, ಹಳೆಯ ಜೋಡಿಗಳಿಗೆ ಅದು ಒಪ್ಪುತ್ತದೆ ಕೂಡ. ಕಡಿಮೆ ಓಮ್‌ನ ಹೆಡ್‌ಫೋನಿಗೆ ಕಥೆಯೇ ಬೇರೆ. ಡೈನಾಮಿಕ್ (ತಂತಿಯ ಸುರುಳಿಯಿಂದ ಪೊರೆ ಅಲುಗಾಡಿಸುವ) ಡ್ರೈವರಿನ ಇಂಪಿಡೆನ್ಸ್ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಅನುರಣನದ ಜಾಗದಲ್ಲಿ (ಪೊರೆ ತಾನಾಗಿ ಹೆಚ್ಚು ಕಂಪಿಸುವ ಸ್ವರದಲ್ಲಿ), ಸಾಮಾನ್ಯವಾಗಿ 100 ಹರ್ಟ್ಸ್ ಆಸುಪಾಸು, ಅದು ಏರುತ್ತದೆ. ಉಳಿದ ಕಡೆ 32 ಓಮ್ ಇದ್ದು ಅಲ್ಲಿ 80ಕ್ಕೆ ಏರುವ ಹೆಡ್‌ಫೋನನ್ನು 120 ಓಮ್‌ನ ರೆಸಿಸ್ಟರ್ ಇರುವ ಜ್ಯಾಕ್‌ಗೆ ಹಾಕಿದರೆ ಆ ಜಾಗದ ಬೇಸ್ ಐದೂವರೆ ಡೆಸಿಬೆಲ್ ಉಬ್ಬುತ್ತದೆ. ಅದೇ 120 ಓಮ್‌ನ ಜ್ಯಾಕ್‌ಗೆ 300 ಓಮ್‌ನಿಂದ 500ಕ್ಕೆ ಏರುವ ಹೆಡ್‌ಫೋನ್ ಹಾಕಿದರೆ ಉಬ್ಬುವುದು ಒಂದೇ ಡೆಸಿಬೆಲ್. ಐಇಸಿ 61938 ಎಂಬ ಅಂತಾರಾಷ್ಟ್ರೀಯ ಮಾನದಂಡ 120 ಓಮ್‌ನ ಜ್ಯಾಕನ್ನೇ ಶಿಫಾರಸು ಮಾಡಿತ್ತು ಎನ್ನುವುದು ಇಲ್ಲಿ ನೆನಪಿಡಬೇಕಾದ ಸಂಗತಿ. ಹೆಚ್ಚು ಓಮ್‌ನ ಹಳೆಯ ಹೆಡ್‌ಫೋನ್‌ಗಳು ಅಂಥ ಜಗತ್ತಿಗೇ ಹುಟ್ಟಿದವು. ಆದ್ದರಿಂದ ಮೂರು ಯುರೋಪಿಯನ್ ಜೋಡಿಗಳನ್ನು ರಿಸೀವರಿಗೆ ಹಾಕಿ. ಸೋನಿಯನ್ನು ಫೋನಿಗೋ, ಎಂಟು ಓಮ್‌ಗಿಂತ ಕಡಿಮೆ ಔಟ್‌ಪುಟ್ ಇಂಪಿಡೆನ್ಸ್ (ಜ್ಯಾಕ್‌ನ ಕಡೆಯ ತಡೆ) ಇರುವ ಹೊಸ ಆಂಪ್‌ಗೋ ಬಿಡಿ. ಸೋನಿ ಎಷ್ಟು ಚುರುಕೆಂದರೆ, ಹಳೆಯ ರಿಸೀವರಿನ ಹಿಸ್ ಸದ್ದೂ ವಾಲ್ಯೂಮ್ ಗುಂಡಿಯ ಕರಕರವೂ ಅದರಲ್ಲಿ ಸಂಗೀತಕ್ಕಿಂತ ಮುಂದೆ ಬಂದು ಕೂರುತ್ತವೆ. ಯಾವ ಹೆಡ್‌ಫೋನನ್ನೂ ಸ್ಪೀಕರ್ ತಂತಿಯ ಟರ್ಮಿನಲ್‌ಗೆ ನೇರವಾಗಿ ಸಿಕ್ಕಿಸಲು ಹೋಗಬೇಡಿ.

ಈಗ ಸಂಗೀತಕ್ಕೆ ಬರೋಣ. ನಿಮ್ಮ ಪಟ್ಟಿಯಲ್ಲಿ ಗಾಯನ ಮೊದಲಿದೆ, ನನಗೂ ಅದರ ಬಗ್ಗೆಯೇ ಹೆಚ್ಚು ಹೇಳುವುದಿದೆ.

ಗಂಡು ದನಿಯ ಷಡ್ಜ ಸುಮಾರು 140 ಹರ್ಟ್ಸ್ ಇದ್ದರೆ ಮಂದ್ರ ಪಂಚಮ 105ರ ಹತ್ತಿರ ಬರುತ್ತದೆ. ಅದಕ್ಕಿಂತ ಕೆಳಗೆ ಗಾಯಕರು ಇಳಿಯುವುದು ಅಪರೂಪ. ಮೇಲಕ್ಕೆ, ದನಿಯ ಗುಣವನ್ನು ತೋರಿಸುವ ಉಪಸ್ವರಗಳು ಮೂರು ನಾಲ್ಕು ಸಾವಿರ ಹರ್ಟ್ಸ್‌ವರೆಗೆ ದಟ್ಟವಾಗಿವೆ. ಕೆ240 ಮಾನಿಟರ್ ಚೆನ್ನಾಗಿ ನುಡಿಯುವ ಜಾಗ ಸರಿಯಾಗಿ ಇದೇ. ಅದರ ಆಳದ ಬೇಸ್ ಇಳಿದುಹೋಗುತ್ತದೆ, ತುದಿಯ ಟ್ರೆಬಲ್ ಮೆತ್ತಗಿದೆ, ನಡುವೆ ಇರುವುದಷ್ಟೂ ಗಾಯನದ ಕ್ಷೇತ್ರ. ವಿಲಂಬಿತ ಖಯಾಲಿನ ಆಲಾಪವೊಂದನ್ನು ಮೊದಲು ಇದರಲ್ಲಿ, ಆಮೇಲೆ ಡಿಟಿ 990ಯಲ್ಲಿ ಕೇಳಿ. ಕೆ240ಯಲ್ಲಿ ಗಾಯಕರ ಎದೆಯ ತುಂಬು ದನಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್, ಹಿಂದಿನಿಂದ ನೆರಳಿನಂತೆ ಬರುವ ಸಾರಂಗಿ ಒಂದೇ ಅಳತೆಯಲ್ಲಿ ಕೇಳುತ್ತವೆ. 990ಯಲ್ಲಿ ತಂಬೂರಿಯ ಜವಾರಿ (ತಂತಿಯ ಝೇಂಕಾರ) ಬೆಳ್ಳಿಯ ಹಾಗೆ ಹೊಳೆಯುತ್ತದೆ, ಮೊದಲ ಐದು ನಿಮಿಷ ಅದು ಬಹಳ ಚಂದ. ಆಮೇಲೆ ಬಂದಿಶಿನ ಪ್ರತಿಯೊಂದು ಸಕಾರ ಶಕಾರವೂ ಮೊನಚಾಗಿ ಬಂದು ಚುಚ್ಚತೊಡಗುತ್ತದೆ. ಅದರ ಟ್ರೆಬಲ್ ಎಂಟು ಒಂಬತ್ತು ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ ಎದ್ದುನಿಂತಿದೆ, ಸಕಾರದ ಸಿಳ್ಳು ಇರುವುದೂ ಅಲ್ಲೇ.

ಕೆ240 ಸೋಲುವುದು ತಬಲಾದಲ್ಲಿ, ಅದೂ ಅರ್ಧದಲ್ಲಿ ಮಾತ್ರ. ಬಲಗೈಯ ತಬಲಾದ 'ನಾ', 'ತಿನ್' ಸ್ಪಷ್ಟವಾಗಿ ಬರುತ್ತವೆ. ಎಡಗೈಯ ಡಗ್ಗಾದ ಮೇಲೆ ಅಂಗೈ ಒತ್ತಿ ಎಳೆಯುವ ಗುಮಕಿಯ ಏರಿಳಿತ ಗೊತ್ತಾಗುತ್ತದೆ, ಅದರ ತೂಕ ಗೊತ್ತಾಗುವುದಿಲ್ಲ. ತಬಲಾ ಸೋಲೊ, ಪಖವಾಜ್ ಕೇಳುವಾಗ ಅದನ್ನು ಕೆಳಗಿಟ್ಟು 990 ತೆಗೆದುಕೊಳ್ಳಿ. ಪ್ಯಾಡ್ ಹೊಸದಿದ್ದರೆ ವಿ6 ಕೂಡ ಡಗ್ಗಾವನ್ನು ಬಿಗಿಯಾಗಿ, ಚೊಕ್ಕವಾಗಿ ನುಡಿಸುತ್ತದೆ.

ಅಂದಹಾಗೆ, ಕೆ240 ಎಂಬ ಹೆಸರಿನಲ್ಲಿ ಹಲವು ಅವತಾರಗಳಿವೆ. 1975ರಲ್ಲಿ ಬಂದ ಮೊದಲನೆಯದನ್ನು ಸೆಕ್ಸ್‌ಟೆಟ್ ಎಂದು ಕರೆಯುತ್ತಾರೆ. ಮುಖ್ಯ ಡ್ರೈವರಿನ ಸುತ್ತ ಆರು ಪುಟ್ಟ ನಿಷ್ಕ್ರಿಯ ಪೊರೆಗಳಿರುವುದರಿಂದ ಆ ಹೆಸರು. ನಿಮ್ಮ ಮಾನಿಟರ್ ಅದರ ನಂತರದ್ದು. ಇನ್ನೂ ಈಚಿನ ಕೆ240 ಸ್ಟುಡಿಯೊ 55 ಓಮ್‌ನದು, ಫೋನಿಗೂ ಸಾಕಷ್ಟು ನುಡಿಯುತ್ತದೆ, ಸ್ವಭಾವ ಮಾತ್ರ ಬೇರೆ. ಯಾರಾದರೂ ಬರೀ 'ಕೆ240' ಎಂದು ಹೊಗಳಿದರೆ, ತೆಗಳಿದರೆ, ಯಾವುದು ಎಂದು ಕೇಳಿಕೊಳ್ಳದೆ ಒಪ್ಪಬೇಡಿ.

ಆರ್ಕೆಸ್ಟ್ರಾಗೆ ಬೇಕಾದ್ದು ಮೂರು: ಆಳ, ವಿಶಾಲತೆ, ಪಿಸುಮಾತಿನಿಂದ ಗುಡುಗಿನವರೆಗೆ ಏರಿಳಿಯುವ ತಾಕತ್ತು. ಪಿಯಾನೊದ ಕೊನೆಯ ಕೀಲಿ 27.5 ಹರ್ಟ್ಸ್, ಡಬಲ್ ಬೇಸ್‌ನ ಕೆಳತಂತಿ 41. ದೊಡ್ಡ ಪೈಪ್ ಆರ್ಗನ್ 16ರವರೆಗೂ ಇಳಿಯುತ್ತದೆ. 990 ಪೂರ್ತಿ ತೆರೆದ ವಿನ್ಯಾಸವಾಗಿದ್ದೂ ಬೇಸ್ ಕೊಡುವುದರಲ್ಲಿ ಧಾರಾಳಿ, ಟಿಂಪನಿಯ ಹೊಡೆತಕ್ಕೆ ಅದರಲ್ಲಿ ಮೈಯಿದೆ, ವಾದ್ಯಗಳು ತಲೆಯಿಂದ ಹೊರಗೆ ಹರಡಿಕೊಳ್ಳುತ್ತವೆ. ಇದಕ್ಕೊಂದು ಷರತ್ತು ಇದೆ, ಮುದ್ರಣ ಒಳ್ಳೆಯದಿರಬೇಕು. 1982ರಲ್ಲಿ ಸಿ.ಡಿ. ಬಂತು, ಆ ಆಸುಪಾಸಿನ ಆರಂಭಿಕ ಡಿಜಿಟಲ್ ಮುದ್ರಣಗಳಲ್ಲಿ ಹಲವದರಲ್ಲಿ ವಯಲಿನ್ ಗುಂಪು ಮೊದಲೇ ಕರ್ಕಶ, 990 ಅದಕ್ಕೆ ಇನ್ನಷ್ಟು ಹರಿತ ಸೇರಿಸುತ್ತದೆ. ಅಂಥವನ್ನು ಕೆ240ಗೆ ಕೊಡಿ, ಆಳದ ಬೇಸ್ ಬಿಟ್ಟುಕೊಟ್ಟು ವಯಲಿನ್ನಿನ ಮರದ ದನಿ ಉಳಿಸಿಕೊಂಡಂತಾಗುತ್ತದೆ. ಚೇಂಬರ್ ಸಂಗೀತ, ತಂತಿವಾದ್ಯಗಳ ಕ್ವಾರ್ಟೆಟ್ ಆದರೆ ಯೋಚಿಸುವುದೇ ಬೇಡ, ಕೆ240.

ಡಿಟಿ 990ಗೆ ಇನ್ನೊಂದು ಹೊತ್ತಿದೆ. ನಮ್ಮ ಕಿವಿ ಸಣ್ಣ ದನಿಯಲ್ಲಿ ಬೇಸನ್ನೂ ಮೇಲ್‌ತುದಿಯ ಟ್ರೆಬಲನ್ನೂ ಕಡಿಮೆ ಗ್ರಹಿಸುತ್ತದೆ ಎಂದು ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಹಳೆಯ ಆಂಪ್‌ಗಳ ಮೇಲಿದ್ದ 'ಲೌಡ್‌ನೆಸ್' ಗುಂಡಿ ಇದಕ್ಕೇ. ಎರಡೂ ತುದಿ ಎತ್ತಿದ 990ಯ ಸ್ವಭಾವ ತಾನಾಗಿಯೇ ಆ ಗುಂಡಿಯ ಕೆಲಸ ಮಾಡುತ್ತದೆ. ರಾತ್ರಿ ಮೆಲ್ಲಗೆ ಕೇಳುವಾಗ ಗಾಯನವೂ ಅದರಲ್ಲಿ ತುಂಬಿಕೊಂಡು ಕೇಳಿಸುತ್ತದೆ. ದನಿ ಏರಿಸಿದಿರೋ, ಅದೇ ಗುಣ ದೋಷವಾಗುತ್ತದೆ.

ಎಚ್‌ಡಿ 414 ಬಗ್ಗೆ ನನಗೆ ವಿಶೇಷ ಅಕ್ಕರೆ. 1968ರಲ್ಲಿ ಅದು ಬಂದಾಗ ಹೆಡ್‌ಫೋನ್ ಎಂದರೆ ಕಿವಿಯನ್ನು ಬಿಗಿದು ಮುಚ್ಚುವ ಭಾರದ ವಸ್ತು ಎಂದೇ ರೂಢಿಯಾಗಿತ್ತು. ಹಿಂಭಾಗ ತೆರೆದು, ಸ್ಪಂಜೊಂದನ್ನು ಕಿವಿಯ ಮೇಲೆ ಹಗುರವಾಗಿ ಇಟ್ಟರೂ ಸಂಗೀತ ಬರುತ್ತದೆ, ಇನ್ನೂ ಸಹಜವಾಗಿ ಬರುತ್ತದೆ ಎಂದು ಮಾರುಕಟ್ಟೆಗೆ ತೋರಿಸಿಕೊಟ್ಟದ್ದು ಅದು. ಬೆಲೆ ಕಟ್ಟಬೇಕಾದ್ದು ಅದರ ಮಧ್ಯಸ್ವರಗಳಿಗೆ. ಸ್ಯಾಕ್ಸೊಫೋನಿನ ಬಾಯಿತುದಿಯ ಉಸಿರು, ಟ್ರಂಪೆಟ್ ಮೇಲಿನ ಮ್ಯೂಟ್, ಬ್ರಷ್ ತಾಗಿದ ಸ್ನೇರ್ ಎಲ್ಲ ಕೈಗೆಟಕುವಷ್ಟು ಹತ್ತಿರ ಬರುತ್ತವೆ. ಡಬಲ್ ಬೇಸಿನಲ್ಲಿ ಬೆರಳು ತಂತಿ ಮೀಟಿದ್ದು ಕೇಳುತ್ತದೆ, ಆ ವಾದ್ಯದ ಹೊಟ್ಟೆಯ ಗುಂಯ್ ಅಷ್ಟಾಗಿ ಕೇಳುವುದಿಲ್ಲ. ಐವತ್ತು ಅರವತ್ತರ ದಶಕದ ಸಣ್ಣ ಮೇಳದ ಜ್ಯಾಝ್‌ನಲ್ಲಿ ಅದೊಂದು ಕೊರತೆ ಎಂದು ನನಗೆ ಅನ್ನಿಸುವುದಿಲ್ಲ, ಆಗಿನ ಮುದ್ರಣಗಳಲ್ಲಿ ಆಳದ ಬೇಸ್ ಇರುತ್ತಿದ್ದುದೇ ಸ್ವಲ್ಪ. ಬಿಗ್ ಬ್ಯಾಂಡ್ ಆದರೆ 414 ಕೊಂಚ ಕಿಕ್ಕಿರಿದಂತಾಗುತ್ತದೆ, ಆಗ 990.

ಜ್ಯಾಝ್ ಮಾತು ಬಂದಾಗ ಇದನ್ನೂ ಹೇಳಬೇಕು. ಸ್ಟೀರಿಯೊ ಎಲ್‌ಪಿಗಳು ಅಂಗಡಿಗೆ ಬಂದದ್ದು 1958ರ ಹೊತ್ತಿಗೆ. ಮುಂದಿನ ಹತ್ತು ವರ್ಷ ಎಷ್ಟೋ ಮುದ್ರಣಗಳಲ್ಲಿ ಡ್ರಮ್ಸ್ ಪೂರ್ತಿ ಬಲಕ್ಕೆ, ಸ್ಯಾಕ್ಸ್ ಪೂರ್ತಿ ಎಡಕ್ಕೆ ಹಾಕುತ್ತಿದ್ದರು. ಸ್ಪೀಕರಿನಲ್ಲಿ ಎರಡೂ ದನಿ ಎರಡೂ ಕಿವಿಗೆ ಸೇರುವುದರಿಂದ ಅದು ಸಹನೀಯ. ಹೆಡ್‌ಫೋನಿನಲ್ಲಿ ತಲೆ ಎರಡು ಹೋಳಾದಂತೆ ಆಗುತ್ತದೆ. ಇದಕ್ಕೆ ಮದ್ದು ಕ್ರಾಸ್‌ಫೀಡ್: ಎಡದ ದನಿಯ ಸ್ವಲ್ಪ ಭಾಗವನ್ನು, ಟ್ರೆಬಲ್ ಇಳಿಸಿ, ಚೂರು ತಡಮಾಡಿ ಬಲಕ್ಕೂ, ಬಲದ್ದನ್ನು ಎಡಕ್ಕೂ ಸೇರಿಸುವುದು. ಆಡಿಯೊ ಎಂಜಿನಿಯರ್ ಬೆಂಜಮಿನ್ ಬಾವರ್ 1961ರಲ್ಲೇ ಇದರ ಸರ್ಕ್ಯೂಟ್ ವಿವರಿಸಿದ್ದರು. ಈಗ ಹಲವು ಸಂಗೀತ ಆ್ಯಪ್‌ಗಳಲ್ಲಿ ಒಂದು ಗುಂಡಿಯಾಗಿ ಸಿಗುತ್ತದೆ. ಈ ಮುದ್ರಣಗಳಿಗೆ ಕ್ರಾಸ್‌ಫೀಡ್ ಹಾಕಿ ಕೇಳಿ. ಹೆಡ್‌ಫೋನ್ ಬದಲಿಸಿದ್ದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುತ್ತದೆ. ಅದೇ ಮುದ್ರಣದ ಮೋನೊ (ಎರಡೂ ಕಿವಿಗೆ ಒಂದೇ ದನಿ ಬರುವ) ಆವೃತ್ತಿ ಸಿಕ್ಕರೆ ನಾನಂತೂ ಅದನ್ನೇ ಆರಿಸುತ್ತೇನೆ.

ಇನ್ನೂ ಹಿಂದಕ್ಕೆ, 78 ಆರ್‌ಪಿಎಂ ತಟ್ಟೆಗಳಿಂದ ಇಳಿಸಿಕೊಂಡ ಗಾಯನ ನಿಮ್ಮಲ್ಲಿದ್ದರೆ: 1925ರವರೆಗೆ ಮುದ್ರಣ ಎಂದರೆ ಕಹಳೆಯ ಮುಂದೆ ನಿಂತು ಹಾಡುವುದು. ಆ ತಟ್ಟೆಗಳಲ್ಲಿ ಇರುವುದೇ ಮಧ್ಯಸ್ವರ. ಅದರ ಕೆಳಗೆ ಗುಡುಗುಡು, ಮೇಲೆ ಸರಸರ. 990 ಆ ಎರಡನ್ನೂ ಎತ್ತಿ ಕೊಡುತ್ತದೆ, ನಡುವಿನ ಗಾಯಕ ಹಿಂದೆ ಸರಿಯುತ್ತಾನೆ. 414 ಮತ್ತು ಕೆ240ಯಲ್ಲಿ ಸದ್ದು ಅಡಗಿ ದನಿ ಮುಂದೆ ಬರುತ್ತದೆ. ಆಕಾಶವಾಣಿಯ ಹಳೆಯ ಧ್ವನಿಮುದ್ರಿಕೆ, ಕಛೇರಿಯಲ್ಲಿ ಯಾರೋ ಕ್ಯಾಸೆಟ್ಟಿಗೆ ಹಿಡಿದಿಟ್ಟದ್ದು ಇವಕ್ಕೂ ಇದೇ ಮಾತು. ಹಿಂದುಸ್ತಾನಿ ಗಾಯನ ಒಂದೇ ಪ್ರಕಾರವಾದರೂ ನಿಮ್ಮ ಸಂಗ್ರಹದಲ್ಲಿ ಅದು ನೂರು ವರ್ಷದ ಮುದ್ರಣ ಚರಿತ್ರೆಯಲ್ಲಿ ಹರಡಿಕೊಂಡಿರುತ್ತದೆ. ಕಾಲ ನೋಡಿ ಆರಿಸಿ ಎಂದು ಮೊದಲೇ ಹೇಳಿದ್ದು ಇದಕ್ಕೆ.

ರಾಕ್‌ನಲ್ಲಿಯೂ ಹಾಗೆಯೇ. ಎಪ್ಪತ್ತರ ದಶಕದ ಮಾಸ್ಟರ್‌ಗಳಲ್ಲಿ (ಆಲ್ಬಮ್ಮಿನ ಅಂತಿಮ ಮೂಲಪ್ರತಿ) ಗಟ್ಟಿ-ಮೆಲುದನಿಯ ಅಂತರ ಉಳಿದಿದೆ, ಡ್ರಮ್ ಹೊಡೆತಕ್ಕೆ ಉಸಿರಾಡಲು ಜಾಗವಿದೆ. ಅವುಗಳನ್ನು ವಿ6ನಲ್ಲಿ ಕೇಳಿ. 1985ರಲ್ಲಿ ಬಂದ ಈ ಹೆಡ್‌ಫೋನ್ ಮತ್ತು 1991ರಲ್ಲಿ ಬಂದ ಅದರ ಹತ್ತಿರದ ಸಂಬಂಧಿ ಎಂಡಿಆರ್-7506 ಸ್ಟುಡಿಯೊಗಳಲ್ಲಿ ದಶಕಗಟ್ಟಲೆ ದುಡಿದಿವೆ, ಮಿಕ್ಸ್‌ನಲ್ಲಿ ಅಡಗಿದ ಸಣ್ಣ ತಪ್ಪನ್ನೂ ಎತ್ತಿ ತೋರಿಸುವ ಗುಣಕ್ಕಾಗಿ. ಗಿಟಾರಿನ ಕಚ್ಚುವಿಕೆ, ಕಿಕ್ ಡ್ರಮ್‌ನ ಗುದ್ದು ಇದರಲ್ಲಿ ಸ್ವಚ್ಛ. ಅದೇ ಆಲ್ಬಮ್ಮನ್ನು 90ರ ದಶಕದಿಂದೀಚೆಗೆ ಗಟ್ಟಿಯಾಗಿ ಹಿಂಡಿ ಮರುಮಾಸ್ಟರ್ ಮಾಡಿದ ಆವೃತ್ತಿಯಲ್ಲಿ ಕೇಳಿದರೆ ವಿ6 ಅರ್ಧ ಗಂಟೆಯಲ್ಲಿ ದಣಿಸುತ್ತದೆ. ಎಲ್ಲ ಕಾಲಕ್ಕೂ ಎಲ್ಲವೂ ಗಟ್ಟಿ, ಮೇಲೆ ಅದರ ಸ್ವಂತ ಟ್ರೆಬಲ್. ಆಗ ಕೆ240ಯ ಮೆತ್ತನೆ ಗುಣ ಕೈಹಿಡಿಯುತ್ತದೆ.

ಎಲೆಕ್ಟ್ರಾನಿಕ್‌ಗೆ ವಿ6 ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. 30ರಿಂದ 60 ಹರ್ಟ್ಸ್‌ನಲ್ಲಿ ಜೀವ ಇರುವ ಸಂಗೀತಕ್ಕೆ ಚೆನ್ನಾಗಿ ಮುಚ್ಚಿದ ಕಪ್ ಬೇಕು. ತೆರೆದ ಡೈನಾಮಿಕ್ ಹೆಡ್‌ಫೋನಿನಲ್ಲಿ ಅನುರಣನದ ಕೆಳಗೆ ದನಿ ಬೇಗ ಇಳಿಯುತ್ತದೆ. 414ನ್ನು ಇದಕ್ಕೆ ಬಳಸಲೇಬೇಡಿ.

ನಾಲ್ಕನ್ನೂ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳುವುದನ್ನು ಮರೆತರೆ ತೀರ್ಪೆಲ್ಲ ಅಡಿಮೇಲಾಗುತ್ತದೆ. ಒಂದೇ ಡೆಸಿಬೆಲ್ ಗಟ್ಟಿಯಿದ್ದದ್ದು ನಮಗೆ 'ಉತ್ತಮ' ಎಂದು ಕೇಳಿಸುತ್ತದೆ. ನಿಮ್ಮ ಸೋನಿಗೂ ಎಕೆಜಿಗೂ ಒಂದೇ ಜ್ಯಾಕ್‌ನಲ್ಲಿ 28 ಡೆಸಿಬೆಲ್ ಅಂತರ. ಒಂಟಿ ಗಾಯಕನ ದನಿ ಎರಡರಲ್ಲೂ ಸಮವಾಗಿ ಕೇಳುವಂತೆ ಮೊದಲು ಹೊಂದಿಸಿಕೊಳ್ಳಿ. ಒಂದರಲ್ಲಿ ಪೂರ್ತಿ ಹಾಡು ಕೇಳಿದ ಮೇಲೆಯೇ ಇನ್ನೊಂದಕ್ಕೆ ಹೋಗಿ. ಬೇಸ್ ಕಡಿಮೆಯಿರುವ ಹಳೆಯ ಜೋಡಿಯಲ್ಲಿ ತೂಕ ಬರಲೆಂದು ವಾಲ್ಯೂಮ್ ಏರಿಸುತ್ತಾ ಹೋಗುವುದು ಸಹಜ, ಅಲ್ಲೇ ಜಾಗ್ರತೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 40 ಗಂಟೆಗೆ 80 ಡೆಸಿಬೆಲ್ ಎಂಬ ಮಿತಿ ಹೇಳುತ್ತದೆ. ಅಲ್ಲಿಂದ ಮೇಲೆ ಪ್ರತಿ ಮೂರು ಡೆಸಿಬೆಲ್‌ಗೂ ಆ ಸಮಯ ಅರ್ಧ ಆಗುತ್ತದೆ.

ವಾಲ್ಯೂಮ್ ಏರಿಸುವ ಬದಲು ಈಕ್ವಲೈಜರ್ (ಬೇಸ್, ಟ್ರೆಬಲ್‌ಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ) ಬಳಸಿ. ಹಳೆಯ ಹೆಡ್‌ಫೋನಿಗೆ ಈಕ್ವಲೈಜರ್ ಹಾಕುವುದು ಅಪಚಾರ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹೆಡ್‌ಫೋನ್ ಇರುವುದು ಸಂಗೀತಕ್ಕಾಗಿ. ಕೆ240ಗೆ 90 ಹರ್ಟ್ಸ್‌ನಿಂದ ಕೆಳಗೆ ನಾಲ್ಕು ಡೆಸಿಬೆಲ್ ಏರಿಸಿ ನೋಡಿ. 990ಗೆ ಎಂಟೂವರೆ ಸಾವಿರದ ಸುತ್ತ ನಾಲ್ಕೈದು ಡೆಸಿಬೆಲ್ ಇಳಿಸಿದರೆ ಗಾಯನಕ್ಕೂ ಅದು ಸಲ್ಲುತ್ತದೆ. ಇವು ಶುರು ಮಾಡಲು ಕೊಟ್ಟ ಅಂಕೆಗಳು. ನಿಮ್ಮ ಕಿವಿಯ ಆಕಾರಕ್ಕೆ ತಕ್ಕಂತೆ ಎರಡು ಡೆಸಿಬೆಲ್ ಆಚೀಚೆ ಮಾಡಿಕೊಳ್ಳಿ. ಎಷ್ಟು ಏರಿಸಿದಿರೋ ಅಷ್ಟು ಒಟ್ಟು ಮಟ್ಟವನ್ನು ಆ್ಯಪ್‌ನಲ್ಲಿ ಇಳಿಸಬೇಕು, ಇಲ್ಲದಿದ್ದರೆ ಶಿಖರಗಳು ಒಡೆಯುತ್ತವೆ. 414ಕ್ಕೆ 40 ಹರ್ಟ್ಸ್ ಎತ್ತಿ ಕೊಡಲು ಹೋಗಬೇಡಿ, ಆ ಪುಟ್ಟ ಡ್ರೈವರಿಗೆ ಅದು ಮೀರಿದ ಕೆಲಸ.

ಕೊನೆಗೆ ಐದನೆಯದರ ಪ್ರಶ್ನೆ. ಪ್ಯಾಡ್, ಆಂಪ್ ಎರಡೂ ಆಗಿ, ಒಂದೆರಡು ತಿಂಗಳು ಕೇಳಿದ ಮೇಲೂ ಗಾಯನದಲ್ಲಿ ಕೆ240ಗಿಂತ ಹೆಚ್ಚಿನ ಸ್ಪಷ್ಟತೆ ಬೇಕೆನ್ನಿಸಿದರೆ ಸೆನ್‌ಹೈಸರ್ ಎಚ್‌ಡಿ 600 ಕೊಳ್ಳಿ. 1997ರ ವಿನ್ಯಾಸ, 300 ಓಮ್, ಮಾನವ ದನಿಯನ್ನು ಇಷ್ಟು ನೇರವಾಗಿ ನುಡಿಸುವ ಹೆಡ್‌ಫೋನ್‌ಗಳು ಕಡಿಮೆ. ಪ್ಯಾಡ್, ಕೇಬಲ್, ತಲೆಪಟ್ಟಿ, ಡ್ರೈವರ್ ಎಲ್ಲವನ್ನೂ ಬಿಡಿಬಿಡಿಯಾಗಿ ಬದಲಿಸಬಹುದು ಎನ್ನುವುದು ಅದರ ಇನ್ನೊಂದು ಬಲ. ಹರಿತ ಮುದ್ರಣಗಳೇ ನಿಮ್ಮಲ್ಲಿ ಹೆಚ್ಚಿದ್ದರೆ 2003ರ ಎಚ್‌ಡಿ 650, ಅದು ಇನ್ನೂ ಕೊಂಚ ಮೆತ್ತಗೆ. ಹಳೆಯದರ ಮೇಲೆಯೇ ಮನಸ್ಸಿದ್ದರೆ 1976ರ ಯಮಹಾ ಎಚ್‌ಪಿ-1 ಹುಡುಕಿ. ಸುರುಳಿಯ ಬದಲು ಇಡೀ ಪೊರೆಯ ಮೇಲೆ ವಾಹಕ ಹರಡಿರುವ ಆರ್ಥೊಡೈನಾಮಿಕ್ ಬಗೆ ಅದು. ಇಂಪಿಡೆನ್ಸ್ ಎಲ್ಲ ಸ್ವರಕ್ಕೂ ಒಂದೇ ಇರುವುದರಿಂದ ಹಳೆಯ ರಿಸೀವರಿನಲ್ಲೂ ಅದರ ಸ್ವರೂಪ ಕೆಡುವುದಿಲ್ಲ. ಸ್ಟ್ಯಾಕ್ಸ್‌ನಂಥ ಸ್ಥಿರವಿದ್ಯುತ್ ಹೆಡ್‌ಫೋನ್ ಕಣ್ಣಿಗೆ ಬಿದ್ದರೆ, ಅದಕ್ಕೆ 230 ಅಥವಾ 580 ವೋಲ್ಟ್‌ನ ಬಯಾಸ್ (ಪೊರೆಗೆ ಸದಾ ಬೇಕಾದ ವೋಲ್ಟೇಜ್) ಕೊಡುವ ಅದರದೇ ಪೆಟ್ಟಿಗೆ ಜೊತೆಗಿಲ್ಲದೆ ಕೊಳ್ಳಬೇಡಿ.

ಯಾವುದನ್ನು ಕೊಂಡರೂ ದುಡ್ಡು ಕೊಡುವ ಮುಂಚೆ ಮೋನೊ ದನಿಯೊಂದನ್ನು ಹಾಕಿ ಕೇಳಿ. ಗಾಯಕ ಸರಿಯಾಗಿ ತಲೆಯ ನಡುವೆ ನಿಲ್ಲಬೇಕು. ಒಂದು ಕಡೆಗೆ ವಾಲಿದರೆ ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಳ್ಳಿ: ವಾಲಿದ ಕಡೆಯೂ ತಿರುಗಿದರೆ ದೋಷ ಹೆಡ್‌ಫೋನಿನದು ಅಥವಾ ಆಂಪ್‌ನದು, ತಿರುಗದಿದ್ದರೆ ನಿಮ್ಮ ಕಿವಿಯದು. ವಾಲುವುದು ಆಂಪ್‌ನಿಂದಲೇ ಎಂಬ ಸಂಶಯವಿದ್ದರೆ ಬೇರೆ ಹೆಡ್‌ಫೋನ್ ಹಾಕಿ ನೋಡಿದರೆ ತಿಳಿಯುತ್ತದೆ. ಪ್ಲಗ್ಗಿನ ಬುಡದಲ್ಲೂ ಕಪ್ ಸೇರುವ ಜಾಗದಲ್ಲೂ ಕೇಬಲನ್ನು ಅಲುಗಾಡಿಸಿ; ಕರಕರ ಬಂದರೆ ಕೇಬಲ್ಲಿನ ಖರ್ಚನ್ನು ಬೆಲೆಯಿಂದ ಕಳೆದು ಕೇಳಿ.